ಹಳೆಯ ಪುಸ್ತಕಸೂಚಿಯಿಂದ ಕೋಹಾಗೆ: ದತ್ತಾಂಶ ಪರಿವರ್ತನೆಯ ಸಾಧನಗಳ ಹೋಲಿಕೆ

ಗ್ರಂಥಾಲಯದ ಹಳೆಯ ಪುಸ್ತಕಸೂಚಿಯನ್ನು ಹೊಸ ವ್ಯವಸ್ಥೆಗೆ ಸಾಗಿಸಬೇಕೆಂದಾಗ ಬಹುತೇಕ ಎಲ್ಲರೂ ಮೊದಲು ಕೇಳುವುದು ಯಾವ ತಂತ್ರಾಂಶ ಒಳ್ಳೆಯದೆಂದು. ಆ ಪ್ರಶ್ನೆಗೆ ಉತ್ತರ ತಂತ್ರಾಂಶಗಳ ಗುಣಪಟ್ಟಿಯಲ್ಲಿ ಸಿಗುವುದಿಲ್ಲ. ಪರಿವರ್ತನೆಯನ್ನು ಎಷ್ಟು ಸಲ ನಡೆಸಬೇಕಾದೀತು, ದತ್ತಾಂಶದ ಆಕಾರ ಎಷ್ಟರಮಟ್ಟಿಗೆ ಬದಲಾಗಬೇಕು, ಮುಂದೊಂದು ದಿನ ಒಂದು ಪುಸ್ತಕದ ದಾಖಲೆ ಹೀಗೇಕಾಯಿತೆಂದು ಯಾರಾದರೂ ಕೇಳಿದರೆ ತೋರಿಸಲು ನಮ್ಮ ಬಳಿ ಏನು ಉಳಿದಿರುತ್ತದೆ ಎಂಬ ಮೂರು ಸಂಗತಿಗಳೇ ಆಯ್ಕೆಯನ್ನು ತೀರ್ಮಾನಿಸಬೇಕು. ಸಾಲುಗಳ ಸಂಖ್ಯೆ ಎಷ್ಟೆಂಬುದು ಇವುಗಳ ಮುಂದೆ ಚಿಕ್ಕ ವಿಷಯ. ಮೂವತ್ತು ಸಾವಿರ ಪುಸ್ತಕಗಳ ಪಟ್ಟಿಯನ್ನು ಇಂದಿನ ಸಾಧಾರಣ ಲ್ಯಾಪ್‌ಟಾಪ್ ಕೂಡ ಆಯಾಸವಿಲ್ಲದೆ ನಿಭಾಯಿಸುತ್ತದೆ. ಆದರೆ ಮುನ್ನೂರು ಪುಸ್ತಕಗಳ ಪಟ್ಟಿಯಲ್ಲಿಯೂ ಆಕಾರ ಬದಲಾಗಬೇಕಾದರೆ ತಪ್ಪು ಸಾಧನ ಅದನ್ನು ಕೆಡಿಸಬಲ್ಲದು.

ಈ ಹೋಲಿಕೆಗೆ ನಾನು ಒಂದೇ ಸಂದರ್ಭವನ್ನು ಆರಿಸಿಕೊಂಡಿದ್ದೇನೆ. ಮೂಲ ದತ್ತಾಂಶ ಯುನೆಸ್ಕೋ ಸಿದ್ಧಪಡಿಸಿದ ಸಿಡಿಎಸ್/ಐಸಿಸ್ ಎಂಬ ದಾಖಲೆ ತಂತ್ರಾಂಶದಲ್ಲೋ ಅದರ ವಿಂಡೋಸ್ ರೂಪವಾದ ವಿನ್‌ಐಸಿಸ್‌ನಲ್ಲೋ, ಡಿಬೇಸ್ ಮತ್ತು ಫಾಕ್ಸ್‌ಪ್ರೋ ಕಾಲದ ಡಿಬಿಎಫ್ ಕಡತದಲ್ಲೋ, ಇಲ್ಲವೆ ಎಕ್ಸೆಲ್ ಹಾಳೆಯಲ್ಲೋ ಇದೆ. ಅದು ತಲುಪಬೇಕಾದದ್ದು 1999ರಲ್ಲಿ ನ್ಯೂಜಿಲೆಂಡಿನಲ್ಲಿ ಆರಂಭವಾದ ಕೋಹಾ ಎಂಬ ಮುಕ್ತ ಗ್ರಂಥಾಲಯ ತಂತ್ರಾಂಶಕ್ಕೆ, ಪುಸ್ತಕದ ವಿವರಗಳನ್ನು ಸಂಖ್ಯೆ ಕೊಟ್ಟ ಕ್ಷೇತ್ರಗಳಲ್ಲಿ ಬರೆಯುವ ಮಾರ್ಕ್ 21 ಎಂಬ ಸ್ವರೂಪದಲ್ಲಿ. ಸಹಕಾರ ಸಂಘದ ಸದಸ್ಯರ ಪಟ್ಟಿಯನ್ನೋ ಶಾಲೆಯ ದಾಖಲಾತಿ ಪುಸ್ತಕವನ್ನೋ ಸಾಗಿಸುವವರಿಗೂ ಇಲ್ಲಿಯ ಮಾತುಗಳಲ್ಲಿ ಹೆಚ್ಚಿನವು ಅನ್ವಯಿಸುತ್ತವೆ.

ಮೊದಲು ಹೊಂದಾಣಿಕೆ ಪಟ್ಟಿ

ಯಾವ ಸಾಧನವನ್ನು ತೆರೆಯುವುದಕ್ಕೂ ಮುಂಚೆ ಹಳೆಯ ಪಟ್ಟಿಯ ಯಾವ ಕಾಲಂ ಹೊಸ ವ್ಯವಸ್ಥೆಯ ಯಾವ ಜಾಗಕ್ಕೆ ಹೋಗಬೇಕೆಂಬ ಹೊಂದಾಣಿಕೆ ಪಟ್ಟಿ ಬರಹದಲ್ಲಿ ಸಿದ್ಧವಿರಬೇಕು. ಮಾರ್ಕ್‌ನಲ್ಲಿ ಶೀರ್ಷಿಕೆ 245ನೆಯ ಕ್ಷೇತ್ರದ ಎ ಉಪಕ್ಷೇತ್ರಕ್ಕೆ, ಉಪಶೀರ್ಷಿಕೆ ಅದೇ ಕ್ಷೇತ್ರದ ಬಿ ಉಪಕ್ಷೇತ್ರಕ್ಕೆ, ಮುಖ್ಯ ಲೇಖಕರ ಹೆಸರು 100ಕ್ಕೆ, ಜೊತೆ ಲೇಖಕರ ಹೆಸರುಗಳು 700ಕ್ಕೆ, ಪುಸ್ತಕದ ಅಂತಾರಾಷ್ಟ್ರೀಯ ಸಂಖ್ಯೆಯಾದ ಐಎಸ್‌ಬಿಎನ್ 020ಕ್ಕೆ, ವಿಷಯವನ್ನು ಸೂಚಿಸುವ ಡ್ಯೂಯಿ ವರ್ಗಸಂಖ್ಯೆ 082ಕ್ಕೆ ಹೋಗುತ್ತವೆ. ಪ್ರತಿಯೊಂದು ಪ್ರತಿಯ ವಿವರ, ಅಂದರೆ ಬಾರ್‌ಕೋಡ್, ಕಪಾಟಿನ ಸಂಖ್ಯೆ, ಯಾವ ಶಾಖೆಯಲ್ಲಿದೆ ಎಂಬುದು, ಕೋಹಾದಲ್ಲಿ 952ನೆಯ ಕ್ಷೇತ್ರಕ್ಕೆ ಸೇರುತ್ತದೆ. ಇಷ್ಟು ನೇರವಾದ ಭಾಗ.

ಕಷ್ಟವಿರುವುದು ನೇರವಲ್ಲದ ಕಡೆ. ಹಳೆಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಪ್ರತಿ ಅಕ್ಸೆಷನ್ ಸಂಖ್ಯೆಗೆ, ಅಂದರೆ ಒಂದೊಂದು ಪ್ರತಿಗೂ ಕೊಟ್ಟ ದಾಖಲಾತಿ ಸಂಖ್ಯೆಗೆ, ಒಂದು ಸಾಲಿರುತ್ತದೆ, ಆದ್ದರಿಂದ ಒಂದೇ ಪುಸ್ತಕದ ಐದು ಪ್ರತಿಗಳಿದ್ದರೆ ಐದು ಸಾಲುಗಳಿರುತ್ತವೆ. ಮಾರ್ಕ್‌ನಲ್ಲಿ ಅವು ಒಂದೇ ದಾಖಲೆಯಾಗಿ, ಅದರೊಳಗೆ ಐದು ಸಲ 952 ಬರಬೇಕು. ಇದಕ್ಕೆ ಎದುರಾದ ದಿಕ್ಕಿನಲ್ಲಿ, ಮೂವರು ಲೇಖಕರ ಹೆಸರನ್ನು ಅಲ್ಪವಿರಾಮ ಹಾಕಿ ಒಂದೇ ಕೋಶದಲ್ಲಿ ತುಂಬಿದ್ದರೆ ಅದನ್ನು ಒಡೆದು ಮೂರು ಕ್ಷೇತ್ರಗಳಾಗಿಸಬೇಕು. ಸಾಲುಗಳನ್ನು ಒಗ್ಗೂಡಿಸುವುದು ಮತ್ತು ಕೋಶವನ್ನು ಒಡೆಯುವುದು, ಇವೆರಡರಲ್ಲಿ ಯಾವುದು ಎಷ್ಟು ಬೇಕೆಂಬುದು ಸಾಧನದ ಆಯ್ಕೆಯನ್ನು ಅರ್ಧ ತೀರ್ಮಾನಿಸಿಬಿಡುತ್ತದೆ.

ಒಗ್ಗೂಡಿಸಲು ಯಾವುದನ್ನು ಗುರುತಾಗಿ ಇಟ್ಟುಕೊಳ್ಳಬೇಕೆಂಬುದನ್ನೂ ಇದೇ ಪಟ್ಟಿಯಲ್ಲಿ ಬರೆದಿಡಬೇಕು. ಶೀರ್ಷಿಕೆಯೊಂದನ್ನೇ ನಂಬಿದರೆ ಒಂದು ಕೃತಿಯ ನಾಲ್ಕು ಸಂಪುಟಗಳು ಒಂದೇ ಪುಸ್ತಕದ ನಾಲ್ಕು ಪ್ರತಿಗಳಾಗಿಬಿಡುತ್ತವೆ. ಐಎಸ್‌ಬಿಎನ್ ನಂಬೋಣವೆಂದರೆ 1970ಕ್ಕೆ ಮುಂಚಿನ ಕನ್ನಡ ಪುಸ್ತಕಗಳಿಗೆ ಅದು ಇರುವುದೇ ಇಲ್ಲ. ಶೀರ್ಷಿಕೆ, ಲೇಖಕರು, ಪ್ರಕಾಶಕರು, ವರ್ಷ ಮತ್ತು ಸಂಪುಟ ಸಂಖ್ಯೆ ಐದೂ ಸೇರಿದಾಗ ಮಾತ್ರ ಗುರುತು ನಂಬಲರ್ಹವಾಗುತ್ತದೆ. ಇನ್ನು ಹಳೆಯ ಕಾಲಂಗಳಲ್ಲಿ ಕೆಲವಕ್ಕೆ ಹೊಸ ವ್ಯವಸ್ಥೆಯಲ್ಲಿ ಜಾಗವೇ ಇರುವುದಿಲ್ಲ: "ಇಂಥ ದಾನಿಗಳ ನೆನಪಿಗಾಗಿ ಬಂದದ್ದು" ಎಂಬಂಥ ಟಿಪ್ಪಣಿಗಳು. ಅವನ್ನು ಬಿಟ್ಟುಬಿಡುವುದು ಸುಲಭ, ಆದರೆ ಗ್ರಂಥಾಲಯದ ಚರಿತ್ರೆ ಬಹಳ ಸಲ ಉಳಿದಿರುವುದು ಅಲ್ಲಿಯೇ. 500ನೆಯ ಸಾಮಾನ್ಯ ಟಿಪ್ಪಣಿ ಕ್ಷೇತ್ರಕ್ಕೋ 952ರ ಒಳಟಿಪ್ಪಣಿಗೋ ಅವನ್ನು ಸೇರಿಸಿ ಉಳಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ವಿನ್‌ಐಸಿಸ್‌ನಿಂದ ಹೊರಡುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅಲ್ಲಿ ಕ್ಷೇತ್ರಗಳ ಸಂಖ್ಯೆಯನ್ನು ಆಯಾ ಗ್ರಂಥಾಲಯವೇ ತನ್ನ ಕ್ಷೇತ್ರ ವ್ಯಾಖ್ಯಾನ ಪಟ್ಟಿಯಲ್ಲಿ ನಿಗದಿ ಮಾಡಿಕೊಂಡಿರುತ್ತದೆ, ಹಾಗಾಗಿ ಪಕ್ಕದ ಕಾಲೇಜಿನವರು ಬಳಸಿದ ಹೊಂದಾಣಿಕೆ ಪಟ್ಟಿ ನಮಗೆ ಒಪ್ಪುತ್ತದೆಂಬ ಭರವಸೆಯಿಲ್ಲ. ಅದು ರಫ್ತು ಮಾಡುವ ಕಡತ ಮಾರ್ಕ್‌ನಂತೆಯೇ ಐಎಸ್‌ಒ 2709 ಎಂಬ ದಾಖಲೆ ವಿನಿಮಯದ ಮಾನಕದ್ದೇ ಆದರೂ, ಸಾಮಾನ್ಯವಾಗಿ ಪ್ರತಿ 80 ಅಕ್ಷರಕ್ಕೊಮ್ಮೆ ಸಾಲು ಮುರಿದಿರುತ್ತದೆ ಮತ್ತು ಕ್ಷೇತ್ರಗಳ ಕೊನೆಯ ಗುರುತೂ ಉಪಕ್ಷೇತ್ರದ ಗುರುತೂ ಮಾರ್ಕ್‌ನವುಗಳಿಂದ ಬೇರೆಯಾಗಿರುತ್ತವೆ. ಹೆಸರು ಒಂದೇ ಎಂದು ನೇರವಾಗಿ ಕೋಹಾಗೆ ಕೊಟ್ಟರೆ ಅದು ಓದಿಕೊಳ್ಳುವುದಿಲ್ಲ. ಮೊದಲು ಸಾಲುಗಳನ್ನು ಜೋಡಿಸಿ ಗುರುತುಗಳನ್ನು ಬದಲಿಸಬೇಕಾಗುತ್ತದೆ.

ಅಕ್ಷರಸಂಕೇತದ ಪರಿವರ್ತನೆ ಬೇರೆಯೇ ಹಂತ

ಕನ್ನಡದ ದತ್ತಾಂಶದಲ್ಲಿ ಎಲ್ಲಕ್ಕಿಂತ ಹೆಚ್ಚು ಹಾನಿಯಾಗುವುದು ಇಲ್ಲಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯುನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಪಠ್ಯ ವಾಸ್ತವವಾಗಿ ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತಗಳೇ ಆಗಿದ್ದು, ಫಾಂಟ್ ಮಾತ್ರ ಅವನ್ನು ಕನ್ನಡದ ಅಕ್ಷರಭಾಗಗಳಾಗಿ ತೋರಿಸುತ್ತಿತ್ತು. ಒಂದು ಸಂಕೇತಕ್ಕೆ ಒಂದು ಅಕ್ಷರವೆಂಬ ಸರಳ ಪಟ್ಟಿಯಿಂದ ಇದನ್ನು ಬದಲಿಸಲಾಗದು. ಹಳೆಯ ಸಂಕೇತ ಕಣ್ಣಿಗೆ ಕಾಣುವ ಕ್ರಮವನ್ನು ಅನುಸರಿಸುತ್ತದೆ, ಯುನಿಕೋಡ್ ಉಚ್ಚಾರದ ಕ್ರಮವನ್ನು. "ಸೂರ್ಯ" ಎಂಬಲ್ಲಿ ಅರ್ಕಾವತ್ತು ಬಳಸಿ ಬರೆದಿದ್ದರೆ ಹಳೆಯ ಕಡತದಲ್ಲಿ ಆ ಗುರುತು ಯಕಾರದ ನಂತರ ಇರುತ್ತದೆ. ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಈ ಸ್ಥಾನಪಲ್ಲಟವನ್ನು ಬಲ್ಲದೋ ಇಲ್ಲವೋ ಎಂಬುದನ್ನು ಒತ್ತಕ್ಷರಗಳಿರುವ ಇಪ್ಪತ್ತು ಮೂವತ್ತು ಶೀರ್ಷಿಕೆಗಳ ಮೇಲೆ ಪ್ರಯೋಗಿಸಿ ನೋಡಿಯೇ ಮುಂದುವರಿಯಬೇಕು.

ಇದಕ್ಕಿಂತ ಸೂಕ್ಷ್ಮವಾದ ತೊಡಕೆಂದರೆ, ಹಳೆಯ ಪಟ್ಟಿಗಳಲ್ಲಿ ಒಂದೇ ಕಾಲಂನಲ್ಲಿ ಕನ್ನಡ ಪುಸ್ತಕಗಳೂ ಇಂಗ್ಲಿಷ್ ಪುಸ್ತಕಗಳೂ ಬೆರೆತಿರುತ್ತವೆ. ಎರಡೂ ಒಳಗೆ ರೋಮನ್ ಸಂಕೇತಗಳೇ ಆದ್ದರಿಂದ ಇಡೀ ಕಾಲಂ ಅನ್ನು ಪರಿವರ್ತಕಕ್ಕೆ ಒಡ್ಡಿದರೆ ಇಂಗ್ಲಿಷ್ ಶೀರ್ಷಿಕೆಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳ ಸಾಲಾಗುತ್ತವೆ. ಯಾವುದು ಯಾವ ಭಾಷೆಯದೆಂದು ತಿಳಿಸುವ ಖಚಿತವಾದ ಸಾಕ್ಷಿ ಎಕ್ಸೆಲ್ ಕಡತದಲ್ಲಿ ಆ ಕೋಶಕ್ಕೆ ಕೊಟ್ಟ ಫಾಂಟಿನ ಹೆಸರು. ಸಿಎಸ್‌ವಿಯಾಗಿ, ಅಂದರೆ ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯವಾಗಿ, ಉಳಿಸಿದ ಕ್ಷಣದಲ್ಲಿ ಆ ಸಾಕ್ಷಿ ಅಳಿಸಿಹೋಗುತ್ತದೆ. ಆದ್ದರಿಂದ ಮೂಲ ಎಕ್ಸೆಲ್ ಕಡತದಿಂದಲೇ ಕೋಶದ ಫಾಂಟನ್ನು ಓದಿ ಪಕ್ಕದ ಕಾಲಂನಲ್ಲಿ ಬರೆದಿಟ್ಟುಕೊಂಡು, ಅನಂತರವೇ ಉಳಿದ ಕೆಲಸ ಆರಂಭಿಸಬೇಕು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಓಪನ್‌ಪಿವೈಎಕ್ಸ್‌ಎಲ್ ಪೊಟ್ಟಣ ಇದನ್ನು ಮಾಡುತ್ತದೆ, ಅದರ ಇನ್ನೊಂದು ಪೊಟ್ಟಣವಾದ ಪಾಂಡಾಸ್‌ನ ಸಾಮಾನ್ಯ ಎಕ್ಸೆಲ್ ಓದುವಿಕೆ ಮಾಡುವುದಿಲ್ಲ. ಡಿಬಿಎಫ್ ಕಡತದಲ್ಲಾದರೋ ಫಾಂಟಿನ ಮಾಹಿತಿ ಎಂದೂ ಇರಲಿಲ್ಲ. ಅಲ್ಲಿ ಭಾಷೆಯ ಕಾಲಂ ಇದ್ದರೆ ಅದನ್ನು, ಇಲ್ಲದಿದ್ದರೆ ವರ್ಗಸಂಖ್ಯೆಯನ್ನು ಆಧರಿಸಬೇಕು: ಡ್ಯೂಯಿ ಪದ್ಧತಿಯಲ್ಲಿ 894.814 ಎಂದಿದ್ದರೆ ಅದು ಕನ್ನಡ ಸಾಹಿತ್ಯ. ಉಳಿದವನ್ನು ಒಬ್ಬರು ಕೂತು ನೋಡಬೇಕಷ್ಟೆ.

ಯುನಿಕೋಡ್‌ಗೆ ಬಂದ ಮೇಲೂ ಒಂದು ಹೆಜ್ಜೆ ಉಳಿಯುತ್ತದೆ. "ಕೋ" ಎಂಬುದನ್ನು ಯುನಿಕೋಡ್‌ನಲ್ಲಿ ಓತ್ವದ ಒಂದೇ ಸಂಕೇತ ಸೇರಿಸಿಯೂ ಬರೆಯಬಹುದು, ಒತ್ವಕ್ಕೆ ದೀರ್ಘದ ಗುರುತನ್ನು ಪ್ರತ್ಯೇಕವಾಗಿ ಸೇರಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಹೋಲಿಸುವ ಯಂತ್ರಕ್ಕೆ ಅವು ಬೇರೆ ಪದಗಳು. ಹೀಗಾಗಿ ಒಂದೇ ಪುಸ್ತಕದ ಎರಡು ಪ್ರತಿಗಳು ಎರಡು ದಾಖಲೆಗಳಾಗುತ್ತವೆ, ಹುಡುಕಿದಾಗ ಒಂದು ಸಿಕ್ಕರೆ ಇನ್ನೊಂದು ಸಿಗುವುದಿಲ್ಲ. ಎಲ್ಲವನ್ನೂ ಎನ್‌ಎಫ್‌ಸಿ ಎಂಬ ಸಾಮಾನ್ಯೀಕರಣ ರೂಪಕ್ಕೆ ತಂದುಕೊಂಡರೆ ಇದು ಪರಿಹಾರವಾಗುತ್ತದೆ. ಇದನ್ನು ಬೇರೆ ಯಾವ ಬದಲಾವಣೆಯೊಡನೆಯೂ ಬೆರೆಸದೆ, ಪ್ರತ್ಯೇಕ ಹಂತವಾಗಿ ಮುಗಿಸಿ, ಅದರ ಫಲಿತಾಂಶವನ್ನು ಬೇರೆ ಕಡತವಾಗಿ ಉಳಿಸಬೇಕೆಂದು ಒತ್ತಿ ಹೇಳುತ್ತೇನೆ, ಏಕೆಂದರೆ ಮುಂದೆ ಎಲ್ಲಿಯೋ ಅಕ್ಷರದೋಷ ಕಂಡರೆ ಅದು ಈ ಹಂತದ್ದೋ ಅನಂತರದ್ದೋ ಎಂದು ಆಗ ಮಾತ್ರ ಹೇಳಲು ಸಾಧ್ಯ.

ಸ್ಪ್ರೆಡ್‌ಶೀಟ್

ಎಲ್ಲರ ಬಳಿ ಇರುವುದು, ಎಲ್ಲರಿಗೂ ಗೊತ್ತಿರುವುದು ಎಂಬ ಕಾರಣಕ್ಕೆ ಎಕ್ಸೆಲ್ ಅಥವಾ ಲಿಬ್ರೆಆಫೀಸ್ ಕ್ಯಾಲ್ಕ್ ಮೊದಲ ಆಯ್ಕೆಯಾಗುತ್ತದೆ. ಹೊಂದಾಣಿಕೆ ಪಟ್ಟಿಯನ್ನು ಬರೆಯಲು, ದತ್ತಾಂಶವನ್ನು ಕಣ್ಣಾಡಿಸಲು, ಗ್ರಂಥಪಾಲಕರೊಡನೆ ಕೂತು ಸಂಶಯವಿರುವ ಸಾಲುಗಳನ್ನು ತೀರ್ಮಾನಿಸಲು ಅದಕ್ಕಿಂತ ಒಳ್ಳೆಯದು ಇಲ್ಲ. ಪರಿವರ್ತನೆಯನ್ನೇ ಅದರಲ್ಲಿ ಮಾಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಸಿಎಸ್‌ವಿ ಕಡತವನ್ನು ಎರಡು ಸಲ ಕ್ಲಿಕ್ ಮಾಡಿ ತೆರೆದೊಡನೆ ಎಕ್ಸೆಲ್ ತನ್ನ ಊಹೆಯನ್ನು ಕೋಶಗಳ ಮೇಲೆ ಹೇರುತ್ತದೆ. ಡ್ಯೂಯಿಯ 020, ಅಂದರೆ ಗ್ರಂಥಾಲಯ ವಿಜ್ಞಾನ, 20 ಆಗುತ್ತದೆ. ಹದಿಮೂರು ಅಂಕೆಗಳ ಐಎಸ್‌ಬಿಎನ್ ಘಾತರೂಪದ ಸಂಖ್ಯೆಯಾಗಿ ಕಾಣಿಸುತ್ತದೆ, ಹಾಗೆಯೇ ಸಿಎಸ್‌ವಿಯಾಗಿ ಉಳಿಸಿದರೆ ಕೊನೆಯ ಅಂಕೆಗಳು ನಿಜವಾಗಿಯೂ ಕಳೆದುಹೋಗುತ್ತವೆ. "12-5" ಎಂಬ ಕಪಾಟಿನ ಸಂಖ್ಯೆ ದಿನಾಂಕವಾಗುತ್ತದೆ. ರಂಗನಾಥನ್ ಅವರ ಕೋಲನ್ ವರ್ಗೀಕರಣವನ್ನು ಅನುಸರಿಸಿದ ಗ್ರಂಥಾಲಯಗಳಿಗೆ ಇನ್ನೂ ದೊಡ್ಡ ಅಪಾಯವಿದೆ: 2:51 ಎಂಬ ವರ್ಗಸಂಖ್ಯೆಯನ್ನು ಎಕ್ಸೆಲ್ ಗಡಿಯಾರದ ಸಮಯವೆಂದು ತಿಳಿದು 0.11875 ಎಂಬ ಭಿನ್ನರಾಶಿಯಾಗಿ ಒಳಗೆ ಇಟ್ಟುಕೊಳ್ಳುತ್ತದೆ. ಕನ್ನಡದ ಪಠ್ಯವನ್ನು "ಸಿಎಸ್‌ವಿ ಯುಟಿಎಫ್-8" ಎಂದು ಆರಿಸದೆ ಸಾದಾ ಸಿಎಸ್‌ವಿಯಾಗಿ ಉಳಿಸಿದರೆ ಅಕ್ಷರಗಳ ಬದಲು ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತವೆ. ಕ್ಯಾಲ್ಕ್ ಈ ವಿಷಯದಲ್ಲಿ ಮೇಲು, ಏಕೆಂದರೆ ಕಡತ ತೆರೆಯುವಾಗಲೇ ಅಕ್ಷರಸಂಕೇತವನ್ನೂ ಪ್ರತಿ ಕಾಲಂನ ಬಗೆಯನ್ನೂ ಕೇಳುತ್ತದೆ. ಎಲ್ಲ ಕಾಲಂಗಳನ್ನೂ ಪಠ್ಯವೆಂದು ಗುರುತಿಸಿ ತೆರೆದರೆ ಮೇಲಿನ ಬಹುಪಾಲು ಅನಾಹುತಗಳು ತಪ್ಪುತ್ತವೆ.

ಮಿತಿಯ ವಿಷಯವೂ ಇದೆ. ಹಳೆಯ ಎಕ್ಸ್‌ಎಲ್‌ಎಸ್ ಸ್ವರೂಪದಲ್ಲಿ ಒಂದು ಹಾಳೆಗೆ 65,536 ಸಾಲುಗಳಷ್ಟೇ ಹಿಡಿಯುತ್ತವೆ, ಹೊಸದರಲ್ಲಿ 10,48,576. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವೆ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ದೈನಂದಿನ ಲೆಕ್ಕದಿಂದ ಬಿಟ್ಟುಹೋದದ್ದಕ್ಕೆ ಈ ಹಳೆಯ ಸ್ವರೂಪದ ಮಿತಿಯೇ ಕಾರಣವೆಂದು ವರದಿಯಾಯಿತು. ಆದರೂ ನನ್ನ ಮುಖ್ಯ ಆಕ್ಷೇಪ ಮಿತಿಯದ್ದಲ್ಲ. ಸ್ಪ್ರೆಡ್‌ಶೀಟಿನಲ್ಲಿ ಯಾವ ಕೋಶವನ್ನು ಯಾರು ಯಾವಾಗ ಬದಲಿಸಿದರೆಂಬುದಕ್ಕೆ ಸಾಮಾನ್ಯವಾಗಿ ಗುರುತು ಉಳಿಯುವುದಿಲ್ಲ, ಮತ್ತು ಮಾಡಿದ ಕೆಲಸವನ್ನು ಹೊಸ ಮೂಲ ಕಡತದ ಮೇಲೆ ಇನ್ನೊಮ್ಮೆ ಹಾಗೆಯೇ ನಡೆಸಲು ಆಗುವುದಿಲ್ಲ.

ಓಪನ್‌ರಿಫೈನ್

2010ರಲ್ಲಿ ಫ್ರೀಬೇಸ್ ಗ್ರಿಡ್‌ವರ್ಕ್ಸ್ ಎಂದು ಹುಟ್ಟಿ, ಗೂಗಲ್ ರಿಫೈನ್ ಆಗಿ, 2012ರಿಂದ ಓಪನ್‌ರಿಫೈನ್ ಎಂಬ ಹೆಸರಿನಲ್ಲಿ ಮುಂದುವರಿದಿರುವ ಈ ಉಚಿತ ತಂತ್ರಾಂಶವನ್ನು ಗ್ರಂಥಪಾಲಕರು ಇನ್ನೂ ಹೆಚ್ಚಾಗಿ ಬಳಸಬೇಕೆಂದು ನನ್ನ ಆಸೆ. ನೋಡಲು ಸ್ಪ್ರೆಡ್‌ಶೀಟಿನಂತೆಯೇ ಇದ್ದರೂ ಇದು ಮಾಡಿದ ಪ್ರತಿ ಬದಲಾವಣೆಯನ್ನೂ ಕ್ರಮವಾಗಿ ಬರೆದಿಟ್ಟುಕೊಳ್ಳುತ್ತದೆ. ಆ ಕ್ರಮವನ್ನು ಜೆಸನ್ ಎಂಬ ಪಠ್ಯರೂಪದಲ್ಲಿ ಹೊರತೆಗೆದು, ಅದೇ ಕಾಲಂಗಳಿರುವ ಇನ್ನೊಂದು ಕಡತದ ಮೇಲೆ ಮತ್ತೆ ಪ್ರಯೋಗಿಸಬಹುದು.

ಅದರ ನಿಜವಾದ ಶಕ್ತಿಯಿರುವುದು ಒಂದೇ ಹೆಸರಿನ ಹಲವು ಬರವಣಿಗೆಗಳನ್ನು ಗುಂಪುಗೂಡಿಸುವುದರಲ್ಲಿ. "ಗೋಪಾಲ ರಾವ್", "ರಾವ್, ಗೋಪಾಲ", "ರಾವ್ ಗೋಪಾಲ" ಎಂಬ ಮೂರನ್ನೂ ಅದರ ಬೆರಳಚ್ಚು ವಿಧಾನ ಒಂದೇ ಗುಂಪಿಗೆ ತರುತ್ತದೆ, ಏಕೆಂದರೆ ಅದು ವಿರಾಮಚಿಹ್ನೆಗಳನ್ನು ತೆಗೆದು ಪದಗಳನ್ನು ಅಕಾರಾದಿಯಾಗಿ ಜೋಡಿಸಿ ಹೋಲಿಸುತ್ತದೆ. "ಕೆ. ಗೋಪಾಲ ರಾವ್" ಮಾತ್ರ ಇನಿಷಿಯಲ್‌ನ ಕಾರಣ ಹೊರಗುಳಿಯುತ್ತದೆ. ಉಚ್ಚಾರದ ಹೋಲಿಕೆಯನ್ನು ಆಧರಿಸಿದ ವಿಧಾನಗಳು ಯುರೋಪಿನ ಭಾಷೆಗಳಿಗಾಗಿ ರೂಪುಗೊಂಡವು, ಕನ್ನಡಕ್ಕೆ ನೆರವಾಗುವುದಿಲ್ಲ. ಅಕ್ಷರಗಳ ಅಂತರವನ್ನು ಎಣಿಸುವ ವಿಧಾನ ಉದ್ದ ಹೆಸರುಗಳಲ್ಲಿ ಕೆಲಸಕ್ಕೆ ಬರುತ್ತದೆ. ಆದರೆ ಒಂದು ಗುಣಿತಚಿಹ್ನೆಯ ವ್ಯತ್ಯಾಸ ಅದಕ್ಕೆ ಒಂದೇ ಹೆಜ್ಜೆಯಾದ್ದರಿಂದ "ರಮ" ಮತ್ತು "ರಾಮ"ರನ್ನು ಒಬ್ಬರೆಂದು ಸೂಚಿಸೀತು. ಸೂಚನೆಯನ್ನು ಒಪ್ಪುವುದು ಬಿಡುವುದು ನಮ್ಮ ಕೈಯಲ್ಲಿಯೇ ಇರುವುದರಿಂದ ಇದು ದೋಷವಲ್ಲ, ಎಚ್ಚರವಿರಬೇಕಾದ ಜಾಗ. ಒಂದು ಕೋಶದ ಹಲವು ಲೇಖಕರನ್ನು ಸಾಲುಗಳಾಗಿ ಒಡೆಯುವುದೂ ಇಲ್ಲಿ ಸುಲಭ.

ಇದರ ಸೀಮೆ ಕಾಣುವುದು ಒಂದಕ್ಕಿಂತ ಹೆಚ್ಚು ಕೋಷ್ಟಕಗಳನ್ನು ಬೆಸೆಯಬೇಕಾದಾಗ ಮತ್ತು ಮಾರ್ಕ್‌ನಂಥ ಪದರಪದರದ ದಾಖಲೆಯನ್ನು ಹೊರತರಬೇಕಾದಾಗ. ಮಾದರಿ ಬರೆದುಕೊಟ್ಟು ಎಕ್ಸ್‌ಎಂಎಲ್ ಅಥವಾ ಜೆಸನ್ ಹೊರತೆಗೆಯಬಹುದಾದರೂ ಐದು ಪ್ರತಿಗಳನ್ನು ಒಂದು ದಾಖಲೆಯೊಳಗೆ ಸೇರಿಸುವ ಕೆಲಸ ಅಲ್ಲಿ ಬಲು ತ್ರಾಸದ್ದು. ಶುದ್ಧೀಕರಣಕ್ಕೆ ಇದು, ಜೋಡಣೆಗೆ ಬೇರೊಂದು ಎಂದು ಇಟ್ಟುಕೊಳ್ಳುವುದು ಒಳ್ಳೆಯದು.

ಡೇಟಾಬೇಸ್‌ನ ಒಳಗೇ ಎಸ್‌ಕ್ಯುಎಲ್

ಮೂಲವೂ ಗುರಿಯೂ ಕೋಷ್ಟಕಗಳೇ ಆಗಿದ್ದರೆ, ಉದಾಹರಣೆಗೆ ಆಕ್ಸೆಸ್ ಎಂಬ ಡೇಟಾಬೇಸ್‌ನಿಂದ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ಗೆ ಹೋಗಬೇಕಾದರೆ, ನನ್ನ ಮೊದಲ ಸಲಹೆ ಡೇಟಾಬೇಸ್‌ಗೆ ಆದೇಶ ಕೊಡುವ ಭಾಷೆಯಾದ ಎಸ್‌ಕ್ಯುಎಲ್. ಎಲ್ಲ ಕಾಲಂಗಳನ್ನೂ ಪಠ್ಯವೆಂದೇ ಘೋಷಿಸಿದ ಒಂದು ತಂಗುಕೋಷ್ಟಕಕ್ಕೆ ಮೂಲವನ್ನು ಇದ್ದ ಹಾಗೆಯೇ ತುಂಬಿಕೊಳ್ಳಬೇಕು. ಅಲ್ಲಿಂದ ಅಂತಿಮ ಕೋಷ್ಟಕಗಳಿಗೆ ಆದೇಶಗಳ ಮೂಲಕ ಸಾಗಿಸಬೇಕು. ವರ್ಷದ ಕಾಲಂನಲ್ಲಿ "1975", "೧೯೭೫", "1975-76", "ತಿಳಿಯದು" ಎಲ್ಲವೂ ಇರುವಾಗ ನೇರವಾಗಿ ಸಂಖ್ಯೆಯ ಕಾಲಂಗೆ ತುಂಬಲು ಹೋದರೆ ಇಡೀ ಕೆಲಸ ಮೊದಲ ತಪ್ಪಿಗೇ ನಿಲ್ಲುತ್ತದೆ, ಇಲ್ಲವೆ ಸಡಿಲವಾಗಿ ಹೊಂದಿಸಿದ ಮೈಎಸ್‌ಕ್ಯುಎಲ್‌ನಲ್ಲಿ ಸದ್ದಿಲ್ಲದೆ ಸೊನ್ನೆಯಾಗುತ್ತದೆ. ತಂಗುಕೋಷ್ಟಕದಲ್ಲಾದರೆ ಎಷ್ಟು ಸಾಲುಗಳು ಯಾವ ರೀತಿ ಇವೆಯೆಂದು ಮೊದಲೇ ಎಣಿಸಿ ನಿಯಮ ಬರೆಯಬಹುದು. ಕನ್ನಡ ಅಂಕೆಗಳನ್ನು ಪೋಸ್ಟ್‌ಗ್ರೆಸ್ ಸಂಖ್ಯೆಯೆಂದು ಒಪ್ಪುವುದಿಲ್ಲ, ಅವನ್ನು ಅಕ್ಷರಕ್ಕೆ ಅಕ್ಷರ ಬದಲಿಸಿಕೊಳ್ಳಬೇಕು. ಯುನಿಕೋಡ್ ಸಾಮಾನ್ಯೀಕರಣದ ಸೌಲಭ್ಯ ಅದರ 13ನೆಯ ಆವೃತ್ತಿಯಿಂದ ಒಳಗೇ ಇದೆ.

ಸರ್ವರ್ ಸ್ಥಾಪಿಸುವ ಗೋಜು ಬೇಡವೆನ್ನುವವರಿಗೆ ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಸ್ಥೆಯಲ್ಲಿ ರೂಪುಗೊಂಡ ಡಕ್‌ಡಿಬಿ ಒಳ್ಳೆಯ ಆಯ್ಕೆ. ಸಿಎಸ್‌ವಿ, ಜೆಸನ್, ಪಾರ್ಕೆ ಕಡತಗಳನ್ನು ಅದು ಕೋಷ್ಟಕಗಳಂತೆಯೇ ನೇರವಾಗಿ ಓದುತ್ತದೆ. ಕಾಲಂಗಳ ಬಗೆಯನ್ನು ತಾನೇ ಊಹಿಸುವ ಅಭ್ಯಾಸ ಅದಕ್ಕೂ ಇದೆ, ಎಲ್ಲವನ್ನೂ ಪಠ್ಯವಾಗಿ ಓದುವಂತೆ ಹೇಳಿಯೇ ತೆರೆಯಬೇಕು.

ಸಾಲುಗಳನ್ನು ಒಗ್ಗೂಡಿಸುವಲ್ಲಿ ಎಸ್‌ಕ್ಯುಎಲ್ ಬಲಶಾಲಿ, ಆದರೆ ಅಲ್ಲೊಂದು ಬಲೆಯಿದೆ. ಐಎಸ್‌ಬಿಎನ್ ಪ್ರಕಾರ ಗುಂಪು ಮಾಡಿದರೆ, ಐಎಸ್‌ಬಿಎನ್ ಖಾಲಿಯಿರುವ ಹಳೆಯ ಪುಸ್ತಕಗಳೆಲ್ಲವೂ ಸೇರಿ ಒಂದೇ ಗುಂಪಾಗುತ್ತವೆ. ಪಾಂಡಾಸ್‌ನಲ್ಲಿ ಇದರ ವಿರುದ್ಧ ಬಗೆಯ ಅನಾಹುತ: ಖಾಲಿ ಗುರುತಿನ ಸಾಲುಗಳು ಗುಂಪು ಮಾಡುವಾಗ ಸುಮ್ಮನೆ ಬಿಟ್ಟುಹೋಗುತ್ತವೆ. ಒಂದೇ ದತ್ತಾಂಶ, ಒಂದೇ ಉದ್ದೇಶ, ಎರಡು ಸಾಧನಗಳಲ್ಲಿ ಎರಡು ಬಗೆಯ ನಷ್ಟ.

ಕೋಹಾದ ಮಟ್ಟಿಗೆ ಎಸ್‌ಕ್ಯುಎಲ್ ಅನ್ನು ತಯಾರಿಗಷ್ಟೇ ಬಳಸಬೇಕು. ಅದರ ಕೋಷ್ಟಕಗಳಿಗೆ ನೇರವಾಗಿ ಸಾಲುಗಳನ್ನು ಸೇರಿಸುವ ಆಮಿಷಕ್ಕೆ ಒಳಗಾಗಬಾರದು. ಅಲ್ಲಿ ಪೂರ್ಣ ದಾಖಲೆ ಮಾರ್ಕ್‌ಎಕ್ಸ್‌ಎಂಎಲ್ ರೂಪದಲ್ಲಿ ಒಂದು ಕಡೆ, ಅದರ ಮುಖ್ಯಾಂಶಗಳು ಬೇರೆ ಕೋಷ್ಟಕಗಳಲ್ಲಿ, ಹುಡುಕಾಟದ ಸೂಚಿ ಮತ್ತೊಂದು ಕಡೆ ಇರುತ್ತವೆ. ಒಂದನ್ನು ಬದಲಿಸಿ ಇನ್ನೊಂದನ್ನು ಬಿಟ್ಟರೆ ಪುಸ್ತಕ ಇದ್ದೂ ಇಲ್ಲದಂತಾಗುತ್ತದೆ.

ಪೈಥಾನ್ ಸ್ಕ್ರಿಪ್ಟ್

ಹಳೆಯ ಅಕ್ಷರಸಂಕೇತ, ಒಡೆಯುವಿಕೆ, ಒಗ್ಗೂಡಿಸುವಿಕೆ, ಮಾರ್ಕ್ ಜೋಡಣೆ ನಾಲ್ಕೂ ಇರುವ ಕೆಲಸಕ್ಕೆ ಸ್ಕ್ರಿಪ್ಟ್‌ನಷ್ಟು, ಅಂದರೆ ಆ ಕೆಲಸಕ್ಕೆಂದೇ ಬರೆದ ಚಿಕ್ಕ ಪ್ರೋಗ್ರಾಮಿನಷ್ಟು, ಒಗ್ಗುವ ಸಾಧನ ಬೇರೊಂದಿಲ್ಲ. ಪೈಮಾರ್ಕ್ ಎಂಬ ಗ್ರಂಥಾಲಯ ದಾಖಲೆಗಳ ಪೊಟ್ಟಣ ಐಎಸ್‌ಒ 2709ರ ಲೆಕ್ಕಾಚಾರವನ್ನು ತಾನೇ ನೋಡಿಕೊಳ್ಳುತ್ತದೆ, ಮತ್ತು ಆ ಲೆಕ್ಕಾಚಾರವನ್ನು ಕೈಯಾರೆ ಬರೆಯಲು ಹೋಗಬಾರದೆನ್ನುವುದಕ್ಕೆ ಕನ್ನಡವೇ ಕಾರಣ. ಆ ಸ್ವರೂಪದಲ್ಲಿ 24 ಅಕ್ಷರಗಳ ಶಿರೋಭಾಗ, ಅದರ ನಂತರ ಪ್ರತಿ ಕ್ಷೇತ್ರ ಎಲ್ಲಿ ಆರಂಭವಾಗಿ ಎಷ್ಟು ಉದ್ದವಿದೆಯೆಂಬ ನಿರ್ದೇಶಿಕೆ ಇರುತ್ತವೆ. ಆ ಉದ್ದವನ್ನು ಬೈಟ್‌ಗಳಲ್ಲಿ ಎಣಿಸಬೇಕು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕಾದ್ದರಿಂದ, ಅಕ್ಷರಗಳನ್ನು ಎಣಿಸಿ ಬರೆದ ಸ್ಕ್ರಿಪ್ಟ್ ಇಂಗ್ಲಿಷ್ ಪುಸ್ತಕಗಳಿಗೆ ಸರಿಯಾಗಿಯೇ ನಡೆದು ಮೊದಲ ಕನ್ನಡ ಪುಸ್ತಕ ಬಂದೊಡನೆ ಕ್ಷೇತ್ರಗಳನ್ನು ಅಡ್ಡಾದಿಡ್ಡಿಯಾಗಿ ಕತ್ತರಿಸುತ್ತದೆ. ಶಿರೋಭಾಗದ 9ನೆಯ ಸ್ಥಾನದಲ್ಲಿ ಯುನಿಕೋಡ್ ಎಂದು ಸೂಚಿಸುವ ಅಕ್ಷರ ಇರಬೇಕೆಂಬುದನ್ನೂ ಮರೆಯಬಾರದು. ಈ ಸ್ಥಾನಗಳನ್ನು ಸೊನ್ನೆಯಿಂದ ಎಣಿಸುತ್ತಾರೆ. 40 ಅಕ್ಷರಗಳ 008ನೆಯ ಕ್ಷೇತ್ರದಲ್ಲಿ ವರ್ಷ 7ರಿಂದ 10ನೆಯ ಸ್ಥಾನಗಳಲ್ಲಿ, ಭಾಷೆ 35ರಿಂದ 37ರಲ್ಲಿ ಕೂರುತ್ತವೆ. ಒಂದು ಖಾಲಿ ಜಾಗ ತಪ್ಪಿದರೂ ಎಲ್ಲ ಪುಸ್ತಕಗಳ ಭಾಷೆ ಬದಲಾಗುತ್ತದೆ.

ಪಾಂಡಾಸ್ ಬಳಸುವವರು ಎರಡು ಹೊಂದಿಕೆಗಳನ್ನು ಮೊದಲೇ ಮಾಡಿಕೊಳ್ಳಬೇಕು. ಎಲ್ಲ ಕಾಲಂಗಳನ್ನೂ ಪಠ್ಯವಾಗಿಯೇ ಓದಲು ಹೇಳಬೇಕು, ಇಲ್ಲದಿದ್ದರೆ 020 ಇಲ್ಲಿಯೂ 20 ಆಗುತ್ತದೆ ಮತ್ತು ನಡುವೆ ಒಂದು ಕೋಶ ಖಾಲಿಯಿದ್ದರೆ ಸಾಕು, ಅಕ್ಸೆಷನ್ ಸಂಖ್ಯೆ 4512 ಎಂಬುದು 4512.0 ಆಗುತ್ತದೆ. ಖಾಲಿ ಕೋಶಗಳನ್ನು ಖಾಲಿ ಪಠ್ಯವಾಗಿಯೇ ಉಳಿಸಲು ಹೇಳಬೇಕು. ಆಗ ಗುಂಪು ಮಾಡುವಾಗ ಸಾಲುಗಳು ಬಿಟ್ಟುಹೋಗುವ ಅಪಾಯವೂ ತಪ್ಪುತ್ತದೆ, ಆದರೆ ಎಸ್‌ಕ್ಯುಎಲ್‌ನಂತೆ ಅವೆಲ್ಲ ಒಂದೇ ಗುಂಪಾಗದ ಹಾಗೆ ಐದಂಶಗಳ ಗುರುತನ್ನೇ ಬಳಸಬೇಕಾಗುತ್ತದೆ.

ಸ್ಕ್ರಿಪ್ಟ್‌ನ ದೌರ್ಬಲ್ಯ ತಾಂತ್ರಿಕವಾದುದಲ್ಲ. ಬರೆದವರು ಸಂಸ್ಥೆ ಬಿಟ್ಟುಹೋದ ಮೇಲೆ ಅದನ್ನು ಓದಬಲ್ಲವರು ಬೇಕು. ಹೊಂದಾಣಿಕೆಯ ನಿಯಮಗಳನ್ನು ಸ್ಕ್ರಿಪ್ಟ್‌ನೊಳಗೆ ಹೂಳದೆ, ಗ್ರಂಥಪಾಲಕರು ತಾವೇ ತಿದ್ದಬಹುದಾದ ಒಂದು ಕೋಷ್ಟಕದಲ್ಲಿಟ್ಟು ಸ್ಕ್ರಿಪ್ಟ್ ಅದನ್ನು ಓದಿ ನಡೆಯುವಂತೆ ಮಾಡಿದರೆ ಈ ತೊಂದರೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ. "ಕನ್ನಡ", "ಕನ್", "ಕ" ಎಂಬ ಮೂರು ಬರವಣಿಗೆಗಳೂ ಒಂದೇ ಭಾಷಾಸಂಕೇತಕ್ಕೆ ಹೋಗಬೇಕೆಂಬುದು ಪುಸ್ತಕಗಳನ್ನು ಬಲ್ಲವರ ತೀರ್ಮಾನ, ಅದು ಅವರ ಕೈಯಲ್ಲಿಯೇ ಇರಬೇಕು.

ಮಾರ್ಕ್‌ಎಡಿಟ್, ಎಕ್ಸ್‌ಎಸ್‌ಎಲ್‌ಟಿ, ಚಿತ್ರರೂಪದ ಸಾಧನಗಳು

ಪ್ರೋಗ್ರಾಮಿಂಗ್ ಬಾರದ ಗ್ರಂಥಪಾಲಕರಿಗೆ ಮಾರ್ಕ್‌ಎಡಿಟ್ ನಿಜವಾದ ಆಸರೆ. ಉಚಿತವಾಗಿ ಸಿಗುವ ಇದು ಕಾಲಂಗಳ ಪಟ್ಟಿಯನ್ನು ಮಾರ್ಕ್ ಕ್ಷೇತ್ರಗಳಿಗೆ ಹೊಂದಿಸಿ ಕಡತ ಕೊಡುತ್ತದೆ, ಆ ಹೊಂದಾಣಿಕೆಯನ್ನು ಉಳಿಸಿಟ್ಟು ಮತ್ತೆ ಬಳಸಲೂ ಬಿಡುತ್ತದೆ. ದತ್ತಾಂಶ ಮೊದಲೇ ಶುದ್ಧವಾಗಿ, ಯುನಿಕೋಡ್‌ನಲ್ಲಿ, ಒಂದು ಪುಸ್ತಕಕ್ಕೆ ಒಂದು ಸಾಲಿನಂತೆ ಸಿದ್ಧವಿದ್ದರೆ ಕೊನೆಯ ಹಂತಕ್ಕೆ ಇದೇ ಸಾಕು.

ಎಕ್ಸ್‌ಎಂಎಲ್ ಕಡತಗಳ ರೂಪ ಬದಲಿಸಲೆಂದೇ ಇರುವ ಭಾಷೆಯಾದ ಎಕ್ಸ್‌ಎಸ್‌ಎಲ್‌ಟಿಯ ಜಾಗ ಎಕ್ಸ್‌ಎಂಎಲ್‌ನಿಂದ ಎಕ್ಸ್‌ಎಂಎಲ್‌ಗೆ ಹೋಗುವಾಗ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮಾರ್ಕ್‌ಎಕ್ಸ್‌ಎಂಎಲ್‌ನಿಂದ ಮಾಡ್ಸ್ ಮತ್ತು ಡಬ್ಲಿನ್ ಕೋರ್ ಎಂಬ ಇತರ ದಾಖಲೆ ಸ್ವರೂಪಗಳಿಗೆ ಸಿದ್ಧ ಎಕ್ಸ್‌ಎಸ್‌ಎಲ್‌ಟಿ ಕಡತಗಳನ್ನು ಪ್ರಕಟಿಸಿದೆ, ಡಿಜಿಟಲ್ ಭಂಡಾರಕ್ಕೆ ಸಾಗಿಸುವವರು ಅವನ್ನು ಬಿಟ್ಟು ಹೊಸದಾಗಿ ಬರೆಯುವ ಅಗತ್ಯವಿಲ್ಲ. ಸಾಲುಗಳನ್ನು ಗುಂಪು ಮಾಡಬೇಕಾದರೆ 2.0 ಅಥವಾ ಅನಂತರದ ಆವೃತ್ತಿಯನ್ನೇ ಆರಿಸಬೇಕು, 1.0ರಲ್ಲಿ ಗುಂಪು ಮಾಡುವ ಆದೇಶವೇ ಇಲ್ಲದೆ ಸುತ್ತುಬಳಸಿ ಬರೆಯಬೇಕಾಗುತ್ತದೆ.

ಪೆಂಟಾಹೋ ಕೆಟಲ್, ಅದರಿಂದ ಕವಲೊಡೆದ ಅಪಾಚೆ ಹಾಪ್, ಕ್ನೈಮ್, ಹಣ ಕೊಟ್ಟು ಪಡೆಯಬೇಕಾದ ಆಲ್ಟೋವಾ ಮ್ಯಾಪ್‌ಫೋರ್ಸ್ ಇವುಗಳಲ್ಲಿ ಪರಿವರ್ತನೆಯನ್ನು ಗೆರೆಗಳಿಂದ ಚಿತ್ರಿಸಲಾಗುತ್ತದೆ. ಪ್ರತಿ ರಾತ್ರಿ ನಡೆಯಬೇಕಾದ ವಿನಿಮಯಕ್ಕೆ, ಹಲವು ವಿಭಾಗಗಳ ಡೇಟಾಬೇಸ್‌ಗಳನ್ನು ಕೂಡಿಸುವ ವಿಶ್ವವಿದ್ಯಾಲಯಕ್ಕೆ ಇವು ತಕ್ಕವು, ಏಕೆಂದರೆ ಹೊಸದಾಗಿ ಬಂದವರೂ ಚಿತ್ರ ನೋಡಿ ದತ್ತಾಂಶದ ಹಾದಿಯನ್ನು ತಿಳಿಯಬಹುದು. ಒಂದೇ ಸಲದ ಸಾಗಣೆಗೆ ಇವನ್ನು ಕಲಿಯುವ ಶ್ರಮ ಹೆಚ್ಚಾಯಿತು. ಆಯ್ಕೆ ಮಾಡುವಾಗ ಆ ಸಾಧನದ ಆಯುಸ್ಸನ್ನೂ ಯೋಚಿಸಬೇಕು: ಬಹಳ ಕಡೆ ಬಳಕೆಯಲ್ಲಿದ್ದ ಉಚಿತ ಟ್ಯಾಲೆಂಡ್ ಓಪನ್ ಸ್ಟುಡಿಯೋವನ್ನು 2024ರ ಜನವರಿ 31ಕ್ಕೆ ನಿಲ್ಲಿಸಲಾಯಿತು, ಅದರಲ್ಲಿ ಚಿತ್ರಿಸಿಟ್ಟ ಕೆಲಸಗಳು ಬೇರೆ ಸಾಧನದಲ್ಲಿ ತೆರೆದುಕೊಳ್ಳುವುದಿಲ್ಲ.

ಯಾವ ಸಂದರ್ಭಕ್ಕೆ ಯಾವುದು

ಕೆಲವು ಸಾವಿರ ಪುಸ್ತಕಗಳು, ಎಲ್ಲವೂ ಈಗಾಗಲೇ ಯುನಿಕೋಡ್‌ನಲ್ಲಿ, ಒಂದೇ ಸಲದ ಸಾಗಣೆ ಎಂದಾದರೆ ಓಪನ್‌ರಿಫೈನ್‌ನಲ್ಲಿ ಶುದ್ಧೀಕರಿಸಿ ಮಾರ್ಕ್‌ಎಡಿಟ್‌ನಿಂದ ಹೊರತರುವುದು ಸಾಕು, ಅದಕ್ಕೆ ಹೊರಗಿನ ತಜ್ಞರಿಗೆ ಹಣ ಕೊಡಬೇಕಾದ ಅಗತ್ಯವಿಲ್ಲ. ನುಡಿ ಅಥವಾ ಬರಹದ ಹಳೆಯ ಪಠ್ಯವಿದ್ದು ಭಾಷೆಗಳು ಬೆರೆತಿದ್ದರೆ ಸ್ಕ್ರಿಪ್ಟ್ ಅನಿವಾರ್ಯ. ಅದರಲ್ಲಿಯೂ ಹೆಸರುಗಳ ಶುದ್ಧೀಕರಣವನ್ನು ಮಾತ್ರ ಓಪನ್‌ರಿಫೈನ್‌ಗೆ ಬಿಟ್ಟುಕೊಡಬಹುದು. ಪ್ರತಿಗಳ ಒಗ್ಗೂಡಿಸುವಿಕೆ ಹೆಚ್ಚಿದ್ದರೆ ನಡುವೆ ಒಂದು ಡಕ್‌ಡಿಬಿ ಅಥವಾ ಪೋಸ್ಟ್‌ಗ್ರೆಸ್ ತಂಗುಕೋಷ್ಟಕ ಇರಲಿ. ಹಳೆಯ ವ್ಯವಸ್ಥೆಯಲ್ಲಿ ದಿನವೂ ಹೊಸ ಪುಸ್ತಕಗಳು ಸೇರುತ್ತಿರುವಾಗಲೇ ಸಾಗಣೆ ನಡೆಯಬೇಕಾಗಿದ್ದರೆ, ಇಡೀ ಸರಣಿಯನ್ನು ಹೊಸ ಮೂಲದ ಮೇಲೆ ಮೊದಲಿನಿಂದ ಮತ್ತೆ ನಡೆಸಬಲ್ಲ ದಾರಿಯನ್ನೇ ಆರಿಸಬೇಕು, ಅಂದರೆ ನಡುವೆ ಎಲ್ಲಿಯೂ ಕೈತಿದ್ದುಪಡಿ ಇರಕೂಡದು. ಕೈಯಿಂದ ತಿದ್ದಲೇಬೇಕಾದ ಸಾಲುಗಳಿದ್ದರೆ ಆ ತಿದ್ದುಪಡಿಗಳನ್ನು ಅಕ್ಸೆಷನ್ ಸಂಖ್ಯೆಯೊಡನೆ ಪ್ರತ್ಯೇಕ ಪಟ್ಟಿಯಲ್ಲಿಟ್ಟು, ಸರಣಿಯ ಕೊನೆಯಲ್ಲಿ ಯಂತ್ರವೇ ಅವನ್ನು ಅನ್ವಯಿಸುವಂತೆ ಮಾಡಬೇಕು.

ಡಿಬಿಎಫ್‌ನಿಂದ ಬರುವವರಿಗೆ ಒಂದು ಮಾತು. ಅಲ್ಲಿ ಶೀರ್ಷಿಕೆಯ ಕಾಲಂಗೆ ನಿಗದಿಯಾದ ಉದ್ದ ಕಡಿಮೆಯಿದ್ದರೆ ಉದ್ದ ಶೀರ್ಷಿಕೆಗಳು ಟೈಪ್ ಮಾಡುವಾಗಲೇ ತುಂಡಾಗಿರುತ್ತವೆ. ಯಾವ ಪರಿವರ್ತನಾ ಸಾಧನವೂ ಅವನ್ನು ಮರಳಿ ತರಲಾರದು. ಕಾಲಂ ಪೂರ್ತಿ ತುಂಬಿರುವ ಸಾಲುಗಳನ್ನು ಮೊದಲೇ ಪಟ್ಟಿಮಾಡಿ, ಪುಸ್ತಕಗಳನ್ನು ಕಪಾಟಿನಿಂದ ತೆಗೆದು ನೋಡಿ ತುಂಬಿಸುವುದೊಂದೇ ಉಪಾಯ.

ತಾಳೆ ನೋಡುವುದು

ಯಾವ ಸಾಧನವನ್ನು ಆರಿಸಿದರೂ ಪ್ರಯೋಗಕ್ಕೆ ಪಟ್ಟಿಯ ಮೊದಲ ನೂರು ಸಾಲುಗಳನ್ನು ತೆಗೆದುಕೊಳ್ಳಬಾರದು, ಅವು ಸಾಮಾನ್ಯವಾಗಿ ಒಂದೇ ಕಾಲದಲ್ಲಿ ಒಬ್ಬರೇ ತುಂಬಿದವಾಗಿರುತ್ತವೆ. ಅತ್ಯಂತ ಹಳೆಯವು, ಇತ್ತೀಚಿನವು, ಬಹು ಲೇಖಕರವು, ಬಹು ಸಂಪುಟಗಳವು, ಎರಡು ಭಾಷೆ ಬೆರೆತವು, ಶಕವರ್ಷವಿರುವವು ಹೀಗೆ ಹುಡುಕಿ ಒಂದು ಮಾದರಿ ಕಟ್ಟಬೇಕು. ಪೂರ್ಣ ಪರಿವರ್ತನೆಯಾದ ಮೇಲೆ ಮೂಲದ ಅಕ್ಸೆಷನ್ ಸಂಖ್ಯೆಗಳ ಎಣಿಕೆ, ಹೊರಬಂದ 952ನೆಯ ಕ್ಷೇತ್ರಗಳ ಎಣಿಕೆ ಮತ್ತು ತಿರಸ್ಕೃತ ಸಾಲುಗಳ ಎಣಿಕೆ ಇವುಗಳ ಲೆಕ್ಕ ಒಂದೂ ವ್ಯತ್ಯಾಸವಿಲ್ಲದೆ ಕೂಡಿಬರಬೇಕು. ದಾಖಲೆಗಳ ಎಣಿಕೆ ಕೂಡಿಬರುವುದಿಲ್ಲ, ಕೂಡಿಬರಲೂಬಾರದು, ಏಕೆಂದರೆ ಪ್ರತಿಗಳು ಒಗ್ಗೂಡಿರುತ್ತವೆ. ತಿರಸ್ಕೃತ ಸಾಲುಗಳು ಕಾರಣಸಹಿತವಾಗಿ ಪ್ರತ್ಯೇಕ ಕಡತಕ್ಕೆ ಹೋಗಬೇಕು.

ಎಣಿಕೆ ಸರಿಯಿದ್ದೂ ವಿವರ ತಪ್ಪಿರಬಹುದಾದ್ದರಿಂದ ಪರಿಶೀಲನೆ ಎರಡೂ ದಿಕ್ಕಿನಿಂದ ನಡೆಯಬೇಕು: ಪಟ್ಟಿಯಿಂದ ಕೆಲವನ್ನು ಆರಿಸಿ ಕಪಾಟಿನಲ್ಲಿ ಹುಡುಕುವುದು, ಕಪಾಟಿನಿಂದ ಕೆಲವನ್ನು ತೆಗೆದು ಕೋಹಾದಲ್ಲಿ ಕನ್ನಡದಲ್ಲಿಯೇ ಟೈಪ್ ಮಾಡಿ ಹುಡುಕುವುದು. ಪಟ್ಟಿಯಲ್ಲಿಯೇ ಇಲ್ಲದ ಪುಸ್ತಕವೂ, ಸಾಮಾನ್ಯೀಕರಣವಾಗದೆ ಉಳಿದ ಶೀರ್ಷಿಕೆಯೂ ಗೊತ್ತಾಗುವುದು ಈ ಎರಡನೆಯ ದಿಕ್ಕಿನಿಂದ. ಕೋಹಾದಲ್ಲಿ ಮಾರ್ಕ್ ಕಡತವನ್ನು ಮೊದಲು ತಂಗುಜಾಗಕ್ಕೆ ಏರಿಸಿ, ನೋಡಿ, ಅನಂತರ ಸೂಚಿಗೆ ಸೇರಿಸುವ ವ್ಯವಸ್ಥೆಯಿದೆ, ಸೇರಿಸಿದ್ದನ್ನು ಹಿಂತೆಗೆಯುವ ಅವಕಾಶವೂ ಇದೆ. ಪುಸ್ತಕಗಳ ಎರವಲು ಆರಂಭವಾದ ಮೇಲೆ ಹಿಂತೆಗೆಯುವುದು ಸುಲಭವಲ್ಲ, ಆದ್ದರಿಂದ ಓದುಗರಿಗೆ ಬಾಗಿಲು ತೆರೆಯುವ ದಿನಾಂಕವನ್ನು ಈ ಪರಿಶೀಲನೆ ಮುಗಿದ ಮೇಲೆಯೇ ನಿಶ್ಚಯಿಸಬೇಕು. ಅಲ್ಲಿಯವರೆಗೆ ಮೂಲ ಕಡತವನ್ನು ಯಾರೂ ತಿದ್ದಲಾಗದಂತೆ, ಹೊಂದಾಣಿಕೆ ಪಟ್ಟಿ ಮತ್ತು ತಿರಸ್ಕೃತ ಸಾಲುಗಳ ಕಡತದ ಜೊತೆಗೆ, ಬೇರೆ ಬೇರೆ ಎರಡು ಕಡೆ ಇಟ್ಟುಕೊಂಡಿರಬೇಕು.